ಆಕಾಶದ ಲೆಕ್ಕ ಬೇರೆ, ಬಸ್ಸಿನ ಲೆಕ್ಕ ಬೇರೆ!

ಮಾಲೂರಿನಿಂದ ಮುಳಬಾಗಿಲಿಗೆ ಎಷ್ಟು ದೂರ ಸ್ವಾಮಿ? ಭೂಪಟದ ಮೇಲೆ ದಾರ ಹಿಡಿದು ಅಳೆದವರು ಸುಮಾರು 52 ಕಿ.ಮೀ. ಅಂತಾರೆ. ಕೋಲಾರದ ಮೇಲೆ ಬಸ್ಸಿನಲ್ಲಿ ಹೋಗಿ ಬಂದವರು ಹತ್ತಿರ ಹತ್ತಿರ 60 ಅಂತಾರೆ. ಇಬ್ಬರದೂ ಸುಳ್ಳಲ್ಲ. ಒಂದು ಆಕಾಶದ ಲೆಕ್ಕ, ಇನ್ನೊಂದು ನೆಲದ ಲೆಕ್ಕ. ಆದರೆ ಕಂಡಕ್ಟರ್ ಟಿಕೆಟ್ ಕೊಡುವುದು, ಲಾರಿಯವರು ಬಾಡಿಗೆ ಕೇಳುವುದು ನೆಲದ ಲೆಕ್ಕಕ್ಕೇ.

ಕೋಲಾರದಿಂದ ಹೊರಟರೆ ಈ ಎರಡು ಲೆಕ್ಕಕ್ಕೂ ಅಂಥಾ ಜಗಳವಿಲ್ಲ. ನೇರ ದಾರ ಹಿಡಿದರೆ ಮುಳಬಾಗಿಲಿಗೆ 28, ಮಾಲೂರಿಗೆ 26, ಶ್ರೀನಿವಾಸಪುರಕ್ಕೆ 24 ಕಿ.ಮೀ. ಕೆರೆ ಏರಿ ಸುತ್ತಿ, ಗುಡ್ಡ ಬಳಸಿ ಹೋಗುವ ರಸ್ತೆಯಲ್ಲಿ ಕೆಲವೇ ಕಿ.ಮೀ. ಹೆಚ್ಚು ಅಷ್ಟೆ.

ಫಜೀತಿ ಇರುವುದು ಒಂದು ತಾಲ್ಲೂಕಿನಿಂದ ಇನ್ನೊಂದು ತಾಲ್ಲೂಕಿಗೆ ಹೊರಟಾಗ. ರೈಲನ್ನೇ ನೋಡಿ. ಶ್ರೀನಿವಾಸಪುರದಿಂದ ಮಾಲೂರಿಗೆ ನೇರ 48 ಕಿ.ಮೀ. ಎರಡೂ ಊರಿಗೆ ಸ್ಟೇಷನ್ ಇದೆ. ಆದರೆ ಹಳಿ ಕೋಲಾರ ದಾಟಿ ಬಂಗಾರಪೇಟೆಗೆ ಹೋಗುತ್ತೆ. ಅಲ್ಲಿಂದ ಮತ್ತೆ ಪಶ್ಚಿಮಕ್ಕೆ ತಿರುಗಿದರೆ ಮಾಲೂರು. 2013ರಲ್ಲಿ ಕೋಲಾರ–ಚಿಕ್ಕಬಳ್ಳಾಪುರ ನ್ಯಾರೋಗೇಜ್ ಹೋಗಿ ಬ್ರಾಡ್‌ಗೇಜ್ ಬಂದರೂ ಈ ಸುತ್ತು ತಪ್ಪಲಿಲ್ಲ. ಮುಳಬಾಗಿಲಿಗಂತೂ ರೈಲೇ ಇಲ್ಲ.

ಇನ್ನು ವಿಮಾನ. ಕೋಲಾರದಿಂದ ಚೆನ್ನೈಗೆ ಆಕಾಶದಲ್ಲಿ ಸುಮಾರು 230 ಕಿ.ಮೀ. ಹಾಗಂತ ವಿಮಾನ ಹತ್ತಬೇಕಾದರೆ, ಪೂರ್ವಕ್ಕೆ ಹೋಗಬೇಕಾದವರು ಮೊದಲು ಪಶ್ಚಿಮಕ್ಕೆ, ದೇವನಹಳ್ಳಿಗೆ ಹೋಗಬೇಕು. ಹತ್ತಿದ ಮೇಲೆ ಮತ್ತೆ ನಮ್ಮ ಸೀಮೆಯ ಕಡೆಗೇ ಹಾರಿ ಬರಬೇಕು!

ಬೆಂಗಳೂರಿನಿಂದ ಚೆನ್ನೈಗೆ ನೇರ ದೂರ ಸುಮಾರು 290 ಕಿ.ಮೀ. ಜೋಲಾರಪೇಟೆ ಮೇಲೆ ಹೋಗುವ ರೈಲು ದಾರಿ 362. ಭೂಪಟದಲ್ಲಿ ಈ ಎರಡು ನಗರಗಳಿಗೆ ದಾರ ಕಟ್ಟಿ ಎಳೆದರೆ ಅದು ಹಾಯುವುದು ಮಾಲೂರಿನ ಪಕ್ಕದಲ್ಲೇ. ಹೊಸಕೋಟೆಯಿಂದ ಶ್ರೀಪೆರಂಬುದೂರಿಗೆ 262 ಕಿ.ಮೀ. ಎಕ್ಸ್‌ಪ್ರೆಸ್ ಹೆದ್ದಾರಿಯನ್ನೂ ಮಾಲೂರು, ಕೆ.ಜಿ.ಎಫ್. ಕಡೆಗೇ ಎಳೆದಿದ್ದಾರೆ. ಕರ್ನಾಟಕದ ಭಾಗ 2024ರ ಕೊನೆಗೆ ಓಡಾಟಕ್ಕೆ ಸಿಕ್ಕಿತು. ಕೋಲಾರ, ಮುಳಬಾಗಿಲಿಗೆ ಹಳೇ ಹೆದ್ದಾರಿಯೇ ಗತಿ.

ಆದ್ದರಿಂದ ಅಂಗಡಿಯವರಿಗೆ ಒಂದು ಮಾತು. ಮಾಲೂರಿನ ಹೆಂಚಿರಲಿ, ಶ್ರೀನಿವಾಸಪುರದ ಮಾವಿರಲಿ, ಬಾಡಿಗೆ ಗೊತ್ತು ಮಾಡುವಾಗ ಮೊಬೈಲ್ ತೋರಿಸುವುದು ನೇರ ದೂರವೋ ರಸ್ತೆ ದೂರವೋ ಅಂತ ಮೊದಲು ನೋಡಿಕೊಳ್ಳಿ.

ಬಸ್ಸಿನವರ ಕಷ್ಟ ಕಿ.ಮೀ. ಲೆಕ್ಕದಲ್ಲಿ ಬರುವುದೇ ಇಲ್ಲ. 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆಯಾಯಿತು. ಕೋಲಾರದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುವ ಹೊತ್ತು ಮಾತ್ರ ಯಾರಿಗೂ ಪುಕ್ಕಟೆಯಲ್ಲ. ಎಂಟು ಕಿ.ಮೀ. ಸುತ್ತು ಹದಿನೈದು ನಿಮಿಷದ ಮಾತು. ಬಸ್ಸು ತಪ್ಪಿದರೆ ಕೂಲಿಗೆ, ಕಚೇರಿಗೆ ಹೋಗುವವರ ಅರ್ಧ ದಿನ ಹೋಗುತ್ತೆ. ಇದಕ್ಕೆ ಹೊಸ ರಸ್ತೆ ಬೇಡ, ವಿಮಾನ ನಿಲ್ದಾಣವೂ ಬೇಡ. ಬೆಳಿಗ್ಗೆ ಮಾಲೂರಿನ ಬಸ್ಸು ಬಂದು ನಿಲ್ಲುವ ಹೊತ್ತಿಗೆ ಮುಳಬಾಗಿಲು, ಶ್ರೀನಿವಾಸಪುರದ ಬಸ್ಸುಗಳು ಹೊರಡದೆ ನಿಂತಿದ್ದರೆ ಸಾಕು. ಸಂಬಂಧಪಟ್ಟವರು ಗಮನಿಸುವರೇ?