ಸನ್ನದು ಮತ್ತು ಗವರ್ನರ್: ಜಾನ್ ವಿಂತ್ರಪ್

ಅಮೆರಿಕದ ಆದಿಕಾಲದ ಗವರ್ನರುಗಳ ಜೀವನವನ್ನು ಕೇವಲ ವ್ಯಕ್ತಿಮಹಿಮೆಯೆಂದು ಓದುವುದು ರೂಢಿ. ಮ್ಯಾಸಚೂಸೆಟ್ಸಿನ ಜಾನ್ ವಿಂತ್ರಪ್‌ನ ಚರಿತ್ರೆಯಲ್ಲಾದರೋ ವ್ಯಕ್ತಿಯಷ್ಟೇ ಮುಖ್ಯವಾದುದು ಒಂದು ಸನ್ನದು. 1629ರಲ್ಲಿ ಒಂದನೆಯ ಚಾರ್ಲ್ಸ್ ದೊರೆಯು ಅದನ್ನು ಮ್ಯಾಸಚೂಸೆಟ್ಸ್ ಬೇ ಕಂಪೆನಿಗೆ ದಯಪಾಲಿಸಿದನು. ಕಂಪೆನಿಯ ಸಭೆಗಳು ಎಲ್ಲಿ ಸೇರಬೇಕೆಂಬುದನ್ನು ಅದು ವಿಧಿಸಿರಲಿಲ್ಲ. 1630ರಲ್ಲಿ ವಿಂತ್ರಪ್ ಸನ್ನದಿನೊಡನೆಯೇ ಸಾಗರವನ್ನು ದಾಟಿದನು. ವ್ಯಾಪಾರಸಂಸ್ಥೆಯ ಆಡಳಿತವೇ ವಸಾಹತಿನ ಸರ್ಕಾರವಾಯಿತು.

ಮೊದಲಲ್ಲಿ ಗವರ್ನರನೂ ಅವನ ಸಹಾಯಕರೂ ತಾವೇ ಶಾಸನಗಳನ್ನು ಮಾಡುತ್ತಿದ್ದರು. 1634ರಲ್ಲಿ ಪಟ್ಟಣಗಳ ಪ್ರತಿನಿಧಿಗಳು ಸನ್ನದನ್ನು ನೋಡಬೇಕೆಂದು ಕೇಳಿದರು. ಶಾಸನಾಧಿಕಾರವು ಮತಾಧಿಕಾರವುಳ್ಳ ಸದಸ್ಯರೆಲ್ಲರ ಮಹಾಸಭೆಗೆ ಸೇರಿದುದೆಂದು ಅದರಿಂದ ವ್ಯಕ್ತವಾಯಿತು. ಆ ವರ್ಷವೇ ಪ್ರತಿನಿಧಿಗಳಿಗೆ ಮಹಾಸಭೆಯಲ್ಲಿ ಸ್ಥಾನ ದೊರೆಯಿತು. ವಿಂತ್ರಪ್‌ನಿಗೆ ಬದಲಾಗಿ ಥಾಮಸ್ ಡಡ್ಲಿ ಗವರ್ನರನಾಗಿ ಚುನಾಯಿತನಾದನು. ಆದರೂ 1637ರಲ್ಲಿ ಸದಸ್ಯರು ವಿಂತ್ರಪ್‌ನನ್ನೇ ಮರಳಿ ಆರಿಸಿದರು.

ಇದನ್ನು ನಾವು ಪ್ರಜಾಪ್ರಭುತ್ವವೆಂದು ಕರೆಯಲಾರೆವು. 1631ರ ನಿಯಮದಂತೆ ಮತಾಧಿಕಾರವು ಚರ್ಚಿನ ಸದಸ್ಯರಾದ ಪುರುಷರಿಗೆ ಮಾತ್ರ ಮೀಸಲಾಗಿದ್ದಿತು. ಧಾರ್ಮಿಕ ಭಿನ್ನಾಭಿಪ್ರಾಯಕ್ಕಾಗಿ ಆನ್ ಹಚಿನ್‌ಸನ್ ಎಂಬ ಮಹಿಳೆಗೆ 1637ರಲ್ಲಿ ಗಡೀಪಾರು ವಿಧಿಸಿದ ಸಭೆಗೆ ವಿಂತ್ರಪ್‌ನೇ ಅಧ್ಯಕ್ಷನಾಗಿದ್ದನು. ಹೀಗಿದ್ದರೂ, ಆಳುವವನು ಎಷ್ಟೇ ಸಮರ್ಥನಾಗಿರಲಿ, ಅವನ ಅಧಿಕಾರದ ಮೂಲಪತ್ರವನ್ನು ಕೇಳಿ ನೋಡಬಹುದೆಂಬ ಪದ್ಧತಿಗೆ 1634ರ ಆ ಪ್ರಸಂಗವು ನಿದರ್ಶನವಾಯಿತು. ಈ ಜೀವನದಿಂದ ನಾವು ಮುಖ್ಯವಾಗಿ ಗ್ರಹಿಸಬೇಕಾದುದು ಇದನ್ನೇ.