ಅಜ್ಜಿಯ ಕಥೆಗೆ ಹಗುರವಾದ ಚಿತ್ರ ಸಾಕು

ಮೆಲಾರೆನ್ ಸರೋವರದ ದಡದಲ್ಲಿರುವ ವೆಸ್ಟೆರಾಸ್‌ನಲ್ಲಿ ಡಿಸೆಂಬರ್‌ನ ಹಗಲು ಸುಮಾರು 6 ತಾಸು ಮಾತ್ರ. ದಿನವಿಡೀ ಸ್ವೀಡಿಷ್ ಆಡುವ ನಮ್ಮ ಮಕ್ಕಳಿಗೆ ಆ ದೀರ್ಘ ಸಂಜೆಗಳಲ್ಲಿ ಕನ್ನಡ ಕೇಳಿಸುವುದು, ಊರಿನಲ್ಲಿ ಫೋನಿನಿಂದ ಚಿತ್ರಿಸಿ ತಂದ ಅಜ್ಜಿಯ ಕಥೆಗಳು. ಅವನ್ನು ಮನೆಯ ಕಂಪ್ಯೂಟರಿನಲ್ಲಿ ‘ಜೆಲ್ಲಿಫಿನ್’ ಎಂಬ ಉಚಿತ ಮೀಡಿಯಾ ಸರ್ವರ್‌ಗೆ ಸೇರಿಸಿದ್ದೇನೆ. ಆದರೆ ಹಳೆಯ ಟ್ಯಾಬ್ಲೆಟ್‌ನಲ್ಲಿ ಚಿತ್ರ ಪದೇ ಪದೇ ನಿಲ್ಲುತ್ತಿತ್ತು. ಕಥೆ ಮುಗಿಯುವ ಮೊದಲೇ ಮಕ್ಕಳು ಎದ್ದುಹೋಗುತ್ತಿದ್ದರು.

ತೊಡಕು ವೈಫೈಯದಲ್ಲ. ಅನೇಕ ಹೊಸ ಫೋನುಗಳು ವಿಡಿಯೊವನ್ನು 2013ರಲ್ಲಿ ಬಂದ ಎಚ್‌ಇವಿಸಿ ಎಂಬ ಬಿಗಿಯಾದ ರೂಪದಲ್ಲಿ ಉಳಿಸುತ್ತವೆ. ಅದನ್ನು ಸರಾಗವಾಗಿ ಬಿಡಿಸುವ ಚಿಪ್ ಹಳೆಯ ಅಗ್ಗದ ಟ್ಯಾಬ್ಲೆಟ್‌ಗಳಲ್ಲಿ ಇರುವುದಿಲ್ಲ. ಟ್ಯಾಬ್ಲೆಟ್‌ನ ಆ್ಯಪ್‌ನಲ್ಲಿ ವಿಡಿಯೊ ಗುಣಮಟ್ಟದ ಮಿತಿಯನ್ನು 3 ಎಂಬಿಪಿಎಸ್‌ಗೆ ಇಳಿಸಿದೆ. ಈಗ ಸರ್ವರ್ ವಿಡಿಯೊವನ್ನು 2003ರಷ್ಟು ಹಳೆಯದಾದ ಎಚ್.264 ರೂಪಕ್ಕೆ ತಾನೇ ಪರಿವರ್ತಿಸಿ ಕಳುಹಿಸುತ್ತದೆ. ಹೆಚ್ಚಿನ ದುಡಿಮೆ ಕಂಪ್ಯೂಟರಿನದು. ಮೂಲ ಕಡತಕ್ಕೆ ಧಕ್ಕೆಯಿಲ್ಲ. ಸಣ್ಣ ಪರದೆಯಲ್ಲಿ ಚಿತ್ರದ ನಷ್ಟ ಕಣ್ಣಿಗೆ ಬೀಳದು, ಅಜ್ಜಿಯ ದನಿ ತುಂಡಾಗದು.

ವಿದೇಶಕ್ಕೆ ಹೊರಟವರು ಹೊಸ ಟ್ಯಾಬ್ಲೆಟ್ ಕೊಳ್ಳುವ ಮೊದಲು ಈ ಉಪಾಯ ನೋಡಬಹುದು. ಊರಿನಲ್ಲಿರುವವರು ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಎಚ್.264 ಆಯ್ದು ಚಿತ್ರಿಸಿದರೆ ಇನ್ನೂ ಸಲೀಸು. ಹಿರಿಯರ ಮಾತನ್ನು ಚಿತ್ರಿಸಿಕೊಳ್ಳುವ ಕೆಲಸವನ್ನಂತೂ ಮುಂದಿನ ರಜೆಗೆ ಬಿಡಬೇಡಿ.