ಮೇಲಂತಸ್ತು ಏರಿಸುವ ಮುನ್ನ

ಮಗನ ಲಗ್ನ ನಿಶ್ಚಯವಾದೊಡನೆ ಮನೆಯ ಹಿರಿಯರ ದೃಷ್ಟಿ ಮಾಳಿಗೆಯತ್ತ ಹರಿಯುತ್ತದೆ. ಮೇಲೆ ಎರಡು ಕೋಣೆ ಎತ್ತಿದರೆ ಹೊಸ ಸಂಸಾರಕ್ಕೆ ನೆಲೆಯಾಯಿತೆಂಬುದು ಸಹಜವಾದ ವಿಚಾರ. ಆದರೆ ಗವಂಡಿಯನ್ನು ಕರೆಸುವುದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಕೆಳಗಿನ ಮನೆ ಆ ಭಾರವನ್ನು ಹೊರಬಲ್ಲುದೆ?

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದಲ್ಲಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನರು ಪ್ರಾಣ ತೆತ್ತರು. ಅಂದಿನ ಚಿತ್ರಗಳನ್ನು ಕಂಡವರಾರೂ ಕಟ್ಟಡದ ನಿಯಮಗಳನ್ನು ಬರಿಯ ಕಚೇರಿಯ ಕಿರುಕುಳವೆಂದು ಹಳಿಯಲಾರರು.

ಪುರಸಭೆಗಳಿಗೆ 1964ರ ಕಾಯಿದೆಯೂ ಮಹಾನಗರಪಾಲಿಕೆಗಳಿಗೆ 1976ರ ಕಾಯಿದೆಯೂ ಅನ್ವಯಿಸುತ್ತವೆ. ಹೊಸ ಮನೆಗೆ ಮಾತ್ರವಲ್ಲ, ಅಂತಸ್ತು ಏರಿಸುವುದಕ್ಕೂ ನಕ್ಷೆಯ ಮಂಜೂರಾತಿ ಬೇಕು. ನಿವೇಶನದ ಸುತ್ತ ಬಿಡಬೇಕಾದ ತೆರಪಿನ ವಿಷಯದಲ್ಲಿಯೇ ನಮ್ಮವರು ಹೆಚ್ಚು ಎಡವುತ್ತಾರೆ. ಆ ಮೂರಡಿ ವ್ಯರ್ಥವಾಯಿತೆಂದು ಮರುಗುವವರು ಪಕ್ಕದ ಮನೆಯವರೂ ಹಾಗೆಯೇ ಮರುಗಿ ಗೋಡೆಯನ್ನು ಗಡಿಗೆ ತಂದರೆ ತಮ್ಮ ಅಡುಗೆಮನೆಗೆ ಗಾಳಿ ಬೆಳಕು ಎಲ್ಲಿಂದ ಬಂದೀತೆಂಬುದನ್ನು ಯೋಚಿಸಬೇಕು.

ಮಣ್ಣಿನ ಗೋಡೆಯ ಹಳೆಯ ಮನೆಯ ಮೇಲೆ ಕಾಂಕ್ರೀಟಿನ ಭಾರ ಹೇರುವುದು ಅಪಾಯಕರ. ಕಂಬಗಳುಳ್ಳ ಮನೆಯಾದರೂ ತಳಪಾಯ ಎಷ್ಟು ಅಂತಸ್ತಿಗೆ ಲೆಕ್ಕಹಾಕಿದ್ದೆಂಬುದನ್ನು ಇಂಜಿನಿಯರರು ಪರೀಕ್ಷಿಸಿ ಹೇಳಬೇಕು. ಗವಂಡಿ ಎಷ್ಟೇ ಅನುಭವಿಯಾಗಿರಲಿ, ಇದು ಕಣ್ಣಳತೆಯ ಕೆಲಸವಲ್ಲ. ಅವಸರ ಮತ್ತೊಂದು ಶತ್ರು. ಭಾರತೀಯ ಮಾನಕ 456ರ ಪ್ರಕಾರ, ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಳಸಿದಾಗ 4.5 ಮೀಟರಿನವರೆಗಿನ ಸ್ಲ್ಯಾಬಿನ ಆಸರೆಗಳನ್ನು 7 ದಿನ, ಅದಕ್ಕೂ ಅಗಲವಾದುದಕ್ಕೆ 14 ದಿನ ತೆಗೆಯಕೂಡದು. 6 ಮೀಟರ್ ಮೀರಿದ ತೊಲೆಗೆ 21 ದಿನ. ಹಾರುಬೂದಿ ಬೆರೆತ ಸಿಮೆಂಟಿಗೆ ಇನ್ನೂ ಹೆಚ್ಚು ಕಾಲ ಬೇಕಾದೀತು. ಲಗ್ನದ ಮುಹೂರ್ತಕ್ಕೆ ಕಾಂಕ್ರೀಟು ಬೇಗ ಗಟ್ಟಿಯಾಗದು!

2024ರ ಡಿಸೆಂಬರ್ 17ರಂದು ಸರ್ವೋಚ್ಚ ನ್ಯಾಯಾಲಯವು, ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರವಿಲ್ಲದೆ ವಿದ್ಯುತ್, ನೀರು, ಒಳಚರಂಡಿಯ ಸಂಪರ್ಕ ಕೊಡಬಾರದೆಂದೂ ಬ್ಯಾಂಕುಗಳು ಆ ಪತ್ರವನ್ನು ಪರಿಶೀಲಿಸಿಯೇ ಸಾಲ ನೀಡಬೇಕೆಂದೂ ಆದೇಶಿಸಿತು. ಸಣ್ಣ ನಿವೇಶನಗಳಿಗೆ ಬಳಿಕ ದೊರೆತ ವಿನಾಯಿತಿಗಳು ತಮಗೆ ಅನ್ವಯಿಸುತ್ತವೆಯೆ ಎಂಬುದನ್ನು ಸ್ಥಳೀಯ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಮಂಜೂರಾದ ನಕ್ಷೆಯನ್ನೂ ಕಬ್ಬಿಣದ ವಿವರಗಳುಳ್ಳ ರೇಖಾಚಿತ್ರವನ್ನೂ ಖಾತೆ ಉತಾರದೊಡನೆ ಜೋಪಾನವಾಗಿರಿಸಿರಿ. ನಾಳೆ ಮೊಮ್ಮಗ ಮತ್ತೊಂದು ಕೋಣೆ ಎತ್ತಲು ಹೊರಟಾಗ ಇಂಜಿನಿಯರರು ಮೊದಲು ಕೇಳುವುದು ಆ ಕಾಗದವನ್ನೇ.